72ರ ಸಿ10 ಪಿಕಪ್‌ಗೆ 5.3 ಇಂಜಿನ್: ಹಳೇ ಪಂಪ್ ನಡೆಯುತ್ತಾ?

ಟೆಕ್ಸಾಸ್‌ನಲ್ಲಿದೀನಿ, 1972ರ ಶೆವ್ರೊಲೆ ಸಿ10 ಇದೆ, ಕಾರ್ಬ್ಯುರೇಟರ್ ಇರೋ 350 ಇಂಜಿನ್ ಇಳಿಸಿ ಗುಜರಿಯಿಂದ ತಂದ 2004ರ ಸಿಲ್ವರಾಡೊ ಟ್ರಕ್ಕಿನ 5.3 ಲೀಟರ್ ಇಂಜೆಕ್ಷನ್ ಇಂಜಿನ್ ಕೂರಿಸ್ತಿದೀನಿ. ಪೆಟ್ರೋಲ್ ಎಳೆಯೋ ಹಳೇ ಪಂಪೇ ಸಾಕಾ? ಟ್ಯಾಂಕ್ ಸೀಟ್ ಹಿಂದೇನೇ ಇರೋದು, ಬಿಸಿಲಲ್ಲಿ ಪೆಟ್ರೋಲ್ ವಾಸ್ನೆಗೆ ತಲೆ ಸುತ್ತುತ್ತೆ.

> ಸಾಕಾಗಲ್ಲ ಗುರು. ಅದು 5-7 ಪಿಎಸ್‌ಐ ಒತ್ತಡ ಕೊಟ್ರೆ ಹೆಚ್ಚು, ಇದಕ್ಕೆ ಸುಮಾರು 58 ಬೇಕು, ಅದೂ ಅಲ್ದೆ ಆ ಪಂಪ್ ಬಿಗಿಯೋಕೆ 5.3 ಬ್ಲಾಕಲ್ಲಿ ಜಾಗನೇ ಇಲ್ಲ. ಟ್ಯಾಂಕನ್ನ ಹಿಂದ್ಗಡೆ ಚಾಸಿ ಮಧ್ಯೆ ಹಾಕ್ಸಿ ಒಳಗೇ ಎಲೆಕ್ಟ್ರಿಕ್ ಪಂಪ್ ಇಡು, ವಾಸ್ನೆನೂ ಹೋಗುತ್ತೆ.

> ಇಸಿಯುನಲ್ಲಿ (ಇಂಜಿನ್ ಕಂಪ್ಯೂಟರ್) ಇರೋ ಕಳ್ಳತನ ತಡೆಯೋ ಲಾಕ್ ಮೊದ್ಲು ತೆಗೆಸಿ ಸಾರ್. ನಂದು ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ಆಫ್, ನಾನು ಪೆದ್ದನ ಥರ ವಾರವೆಲ್ಲಾ ವೈರಿಂಗ್ ಕಿತ್ಕೊಂಡು ಕೂತಿದ್ದೆ. ಇಂಜಿನ್ ಅಡಿಯ ಆಯಿಲ್ ಪ್ಯಾನೂ ಅಳತೆ ಮಾಡಿ, ಸಿಲ್ವರಾಡೊ ಟ್ರಕ್ಕಿಂದು ತುಂಬಾ ಕೆಳಗೆ ಜೋತಾಡುತ್ತೆ.

ಅಯ್ಯೋ, ಪ್ಯಾನ್ ನೋಡೇ ಇಲ್ಲ, ಈಗ್ಲೇ ಟೇಪ್ ಹಿಡ್ಕೊಂಡು ಕೆಳಗೆ ತೂರ್ತೀನಿ.