ಆರು ಜನರ ಮನೆಗೆ ಕ್ಯಾರೆನ್ಸ್ ಕ್ಲಾವಿಸ್ ಸಾಕಾ? ಓಡಿಸುತ್ತಿರುವವರು ಹೇಳಿ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾವು ಆರು ಜನ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಅತ್ತೆ, ಮಾವ. ಇರುವುದು ಬೆಂಗಳೂರಿನ ರಾಜಾಜಿನಗರದಲ್ಲಿ, ಊರು ಕೊಪ್ಪದ ಹತ್ತಿರ. ಈಗಿರುವ ಸಣ್ಣ ಕಾರಿನಲ್ಲಿ ಎಲ್ಲರೂ ಒಟ್ಟಿಗೆ ಊರಿಗೆ ಹೋಗುವುದಕ್ಕೆ ಆಗುತ್ತಿಲ್ಲ. ಅತ್ತೆಗೆ ಮಂಡಿ ನೋವು, ಚಿಕ್ಕ ಮಗಳಿಗೆ ಘಟ್ಟದ ತಿರುವು ಬಂದರೆ ವಾಂತಿ. ಕಿಯಾ ಕ್ಯಾರೆನ್ಸ್ ಕ್ಲಾವಿಸ್ ನೋಡಿ ಬಂದೆವು. ಅಲ್ಲಿ ತೋರಿಸಿದ್ದು ಸ್ಕ್ರೀನು, ಸನ್‌ರೂಫು, ಲೈಟು. ನಮಗೆ ಬೇಕಾಗಿರುವುದು ಬೇರೆ. ಹಳೆಯ ಕ್ಯಾರೆನ್ಸ್‌ಗಿಂತ ಇದರಲ್ಲಿ ನಿಜವಾಗಿ ಏನು ಬದಲಾಗಿದೆ? 6 ಸೀಟು ತಗೊಳ್ಳೋದಾ, 7 ಸೀಟಾ? ಡೀಸೆಲ್ಲಾ, ಟರ್ಬೋ ಪೆಟ್ರೋಲಾ? ನಾನೂ ಓಡಿಸುತ್ತೇನೆ, ಹಾಗಾಗಿ ಆಟೋಮ್ಯಾಟಿಕ್ ಬೇಕು. ಆನ್‌ರೋಡ್ 20 ಲಕ್ಷ ದಾಟಬಾರದು.

ಹಾಸನದಿಂದ ಒಬ್ಬರು:

ಮೇಡಂ, ನಮ್ಮ ಮನೆಯಲ್ಲಿರುವುದು ಕ್ಲಾವಿಸ್ ಡೀಸೆಲ್ ಆಟೋಮ್ಯಾಟಿಕ್, 7 ಸೀಟು. ಅಕ್ಕನ ಮನೆಯಲ್ಲಿ 2022ರ ಕ್ಯಾರೆನ್ಸ್ ಇದೆ. ಎರಡನ್ನೂ ಓಡಿಸಿದ್ದೇನೆ, ಎರಡರಲ್ಲೂ ಹಿಂದೆ ಕೂತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಬದಲಾವಣೆ ವಿಷಯ. ಕ್ಲಾವಿಸ್ ಬಂದಿದ್ದು 2025ರ ಮೇ ತಿಂಗಳಲ್ಲಿ. ಹೊಸ ಮುಖ, ಹೊಸ ಡ್ಯಾಶ್‌ಬೋರ್ಡ್, ದೊಡ್ಡ ಪನೋರಮಿಕ್ ಸನ್‌ರೂಫ್, ಎರಡು ಸ್ಕ್ರೀನ್ ಸೇರಿ 26.62 ಇಂಚಿನ ಉದ್ದನೆಯ ಪ್ಯಾನೆಲ್, 360 ಡಿಗ್ರಿ ಕ್ಯಾಮೆರಾ, ಲೆವೆಲ್ 2 ಅಡಾಸ್ (ಬ್ರೇಕ್, ಸ್ಟೀರಿಂಗಿಗೆ ಗಾಡಿಯೇ ನೆರವಾಗುವ ವ್ಯವಸ್ಥೆ), ಮುಂದೆ ಹಿಂದೆ ಎರಡೂ ಕಡೆ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್. ಇದೆಲ್ಲ ನಿಜ. ಆದರೆ ಗಾಡಿಯ ಮೈಕಟ್ಟು ಹಳೆಯದೇ. ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಆಗಲೂ 2780 ಮಿ.ಮೀ., ಈಗಲೂ ಅಷ್ಟೇ. ಉದ್ದ 4540 ಇದ್ದದ್ದು 4550 ಆಗಿದೆ, ಆ 10 ಮಿ.ಮೀ. ಬಂಪರಿಗೆ ಹೋಯಿತು. ಎಲ್ಲ ಸೀಟೂ ಎತ್ತಿ ಇಟ್ಟರೆ ಡಿಕ್ಕಿಯಲ್ಲಿ ಉಳಿಯುವುದು ಅದೇ 216 ಲೀಟರ್. ಅಂದರೆ ಹೊಸ ಗಾಡಿ ಅಂತ ಒಳಗೆ ಜಾಗ ಜಾಸ್ತಿ ಆಗಿಲ್ಲ. ಹಳೆಯದರಲ್ಲೂ ಮೂರೂ ಸಾಲಿಗೆ ಜಾಗ ಚೆನ್ನಾಗಿಯೇ ಇತ್ತು, ಅದು ಬೇರೆ ಮಾತು.

ಇನ್ನೊಂದು ವಿಷಯ ಶೋರೂಮಿನಲ್ಲಿ ಬಿಡಿಸಿ ಹೇಳುವುದಿಲ್ಲ. ನಿಮಗೆ ತೋರಿಸಿರುವುದು ಟಾಪ್ ಮಾಡೆಲ್ ಆಗಿರಬೇಕು. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 17%, ಅದರ ಮೇಲೆ ಮತ್ತೆ 11% ಸೆಸ್, ಎಲ್ಲ ಸೇರಿ ಹತ್ತಿರ ಹತ್ತಿರ 19%. ಎಕ್ಸ್ ಶೋರೂಮ್ 16 ಲಕ್ಷದ ಗಾಡಿಗೆ ಟ್ಯಾಕ್ಸೇ 3 ಲಕ್ಷ ದಾಟುತ್ತದೆ. ಇನ್ಶೂರೆನ್ಸ್ ಸೇರಿಸಿ, ಅಲ್ಲಿಗೆ 20 ಲಕ್ಷದ ಬಾಗಿಲಿಗೆ ಬಂದಿರಿ. ಹಾಗಾಗಿ ನೀವು 16 ಲಕ್ಷದ ಆಸುಪಾಸಿನಲ್ಲಿ ನಿಲ್ಲಬೇಕು. ಅಡಾಸ್, ಬೋಸ್ ಸ್ಪೀಕರ್, ತಣ್ಣಗೆ ಗಾಳಿ ಬಿಡುವ ಮುಂದಿನ ಸೀಟು, ಇವೆಲ್ಲ ಅದಕ್ಕಿಂತ ಮೇಲಿನ ವೇರಿಯಂಟ್‌ಗಳಲ್ಲಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾದ ಮೇಲೆ ಬೆಲೆ ಇಳಿದಿದೆ. ಯಾರಾದರೂ ಅದಕ್ಕಿಂತ ಹಿಂದಿನ ಬೆಲೆ ಪಟ್ಟಿ ಕಳಿಸಿದರೆ ಅದನ್ನು ಲೆಕ್ಕಕ್ಕೆ ಇಡಬೇಡಿ.

ಹಾಗಂತ ಕೆಳಗಿನ ವೇರಿಯಂಟ್ ಬರಿಗಾಡಿಯಲ್ಲ. ಆರು ಏರ್‌ಬ್ಯಾಗ್, ಗಾಡಿ ಜಾರಿದರೆ ಹಿಡಿತಕ್ಕೆ ತರುವ ಇಎಸ್‌ಸಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಇವು ಎಲ್ಲದರಲ್ಲೂ ಇವೆ. ಮಕ್ಕಳು, ಹಿರಿಯರು ಕೂರುವ ಗಾಡಿಯಲ್ಲಿ ನಾನು ಮೊದಲು ನೋಡುವುದೇ ಅದನ್ನು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮೂರನೇ ಸಾಲಿನಲ್ಲಿ ಯಾರು ಕೂರುತ್ತಾರೆ, ಆಗ ಲಗೇಜು ಎಲ್ಲಿ ಹೋಗುತ್ತದೆ? ಇದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ, ವೇರಿಯಂಟು, ಎಂಜಿನ್ನು ಎಲ್ಲ ಆಮೇಲೆ. 6 ಸೀಟಿನಲ್ಲಿ ಮಧ್ಯದ ಸಾಲು ಎರಡು ಬಿಡಿ ಸೀಟು. ಕೂರುವುದಕ್ಕೆ ಬಹಳ ಸುಖ, ಕೈ ಇಡಲು ಆರ್ಮ್‌ರೆಸ್ಟ್, ನಡುವೆ ಹಿಂದಕ್ಕೆ ಹೋಗಲು ದಾರಿ. ಆದರೆ ಮನೆಮಂದಿ ಆರೂ ಜನ ಹೊರಟರೆ ಹಿಂದಿನ ಎರಡೂ ಸೀಟು ಭರ್ತಿ. ಲಗೇಜಿಗೆ ಆ 216 ಲೀಟರ್ ಮಾತ್ರ. ಎರಡು ಸಣ್ಣ ಟ್ರಾಲಿ ನಿಲ್ಲಿಸಿ ಮೇಲೊಂದು ಬ್ಯಾಗ್ ತುರುಕಿದರೆ ಮುಗಿಯಿತು. ಊರಿಂದ ವಾಪಸ್ ಬರುವಾಗ ಬಾಳೆಗೊನೆ, ತೆಂಗಿನಕಾಯಿ ಚೀಲ, ಉಪ್ಪಿನಕಾಯಿ ಜಾಡಿ ಎಲ್ಲಿಡುತ್ತೀರಿ?

7 ಸೀಟಿನಲ್ಲಿ ಇದಕ್ಕೆ ದಾರಿ ಇದೆ. ಮೂರನೇ ಸಾಲು ಅರ್ಧರ್ಧ ಮಡಚುತ್ತದೆ. ಮುಂದೆ ಇಬ್ಬರು, ಮಧ್ಯದಲ್ಲಿ ಮೂವರು, ಹಿಂದೆ ಒಬ್ಬರು. ಹಿಂದಿನ ಇನ್ನರ್ಧ ಮಡಚಿ ಲಗೇಜು. ದೊಡ್ಡ ಸೂಟ್‌ಕೇಸು ಉದ್ದಕ್ಕೆ ಮಲಗುತ್ತದೆ. ನಮ್ಮ ಮನೆಯ ಪದ್ಧತಿ ಇದೇ, ಅದಕ್ಕೇ 7 ಸೀಟು ತಗೊಂಡಿದ್ದು. ಒಂದು ಎಚ್ಚರ, ಮಡಚಿದ ಸೀಟಿನ ಮೇಲಿನ ಸಾಮಾನಿಗೆ ಹಗ್ಗವೋ ಬಲೆಯೋ ಹಾಕಿ ಬಿಗಿಯಿರಿ. ಜೋರಾಗಿ ಬ್ರೇಕ್ ಹಾಕಿದರೆ ಅದೆಲ್ಲ ಪಕ್ಕದಲ್ಲಿ, ಮುಂದೆ ಕೂತವರ ಮೇಲೆ ಬರುತ್ತದೆ.

ನಿಮ್ಮ ಅತ್ತೆಯವರ ಮಂಡಿ ವಿಷಯ. ನನ್ನ ಅಮ್ಮನಿಗೂ ಅದೇ ತೊಂದರೆ. ಅಮ್ಮ ಹತ್ತುವುದು ಹೀಗೆ: ಗಾಡಿಗೆ ಬೆನ್ನು ಮಾಡಿ ನಿಂತು, ಸೀಟಿನ ಅಂಚಿಗೆ ಕೂತು, ಮೇಲಿನ ಹಿಡಿ ಹಿಡಿದುಕೊಂಡು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳುತ್ತಾರೆ. ಕ್ಲಾವಿಸ್ ಸೀಟು ಅವರ ಸೊಂಟದ ಎತ್ತರಕ್ಕೇ ಬರುವುದರಿಂದ ಯಾರೂ ಎತ್ತಿ ಕೂರಿಸಬೇಕಾಗಿಲ್ಲ. ನನ್ನ ಮಾವನವರ ಇನ್ನೋವಾ ಕ್ರಿಸ್ಟಾದಲ್ಲಿ ಹೀಗಾಗುವುದಿಲ್ಲ, ಅದು ಲ್ಯಾಡರ್ ಚಾಸಿಯ ಗಾಡಿ, ಅಂದರೆ ಲಾರಿಯ ಹಾಗೆ ಬೇರೆ ಚೌಕಟ್ಟಿನ ಮೇಲೆ ಕೂರಿಸಿದ್ದು, ತಳ ಎತ್ತರ, ಮೊದಲು ಒಂದು ಕಾಲು ಎತ್ತಿ ಇಟ್ಟು ಮೈ ಭಾರವನ್ನೆಲ್ಲ ಅದರ ಮೇಲೆ ಹಾಕಿ ಹತ್ತಬೇಕು, ಮಂಡಿ ಸವೆದವರಿಗೆ ಅಲ್ಲೇ ಜೀವ ಹೋಗುತ್ತದೆ. ಅತ್ತೆಯವರನ್ನು ಮಧ್ಯದ ಸಾಲಿನ ಎಡಗಡೆ ಬಾಗಿಲ ಪಕ್ಕ ಕೂರಿಸಿ. ಇಳಿಯುವಾಗ ರಸ್ತೆ ಬದಿಗೆ ಇಳಿಯಬಹುದು. ಮುಂದಿನ ಸೀಟಿನ ಬೆನ್ನ ಪಕ್ಕದಲ್ಲೇ ಒಂದು ಹಿಡಿ ಕೊಟ್ಟಿದ್ದಾರೆ, ಬಾಸ್ ಮೋಡ್ ಅನ್ನುತ್ತಾರೆ, ಮುಂದೆ ಯಾರೂ ಇಲ್ಲದಿದ್ದಾಗ ಹಿಂದೆ ಕೂತೇ ಆ ಸೀಟನ್ನು ಮುಂದಕ್ಕೆ ತಳ್ಳಿ ಕಾಲು ಚಾಚಬಹುದು. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ನಮಗೆ ತುಂಬಾ ಉಪಯೋಗಕ್ಕೆ ಬಂತು. ಯಾವ ವೇರಿಯಂಟ್‌ನಿಂದ ಕೊಡುತ್ತಾರೆ ಕೇಳಿಕೊಳ್ಳಿ.

ಹಿಂದಿನ ಸಾಲಿಗೆ ಹೋಗಲು ಮಧ್ಯದ ಸಾಲಿನ ಎಡ ಸೀಟಿನಲ್ಲಿ ಗುಂಡಿ ಇದೆ. ಒತ್ತಿದರೆ ಸೀಟು ತಾನೇ ಮಡಚಿ ಮುಂದಕ್ಕೆ ಮಗುಚುತ್ತದೆ. ವಾಪಸ್ ಕೂರಿಸುವುದು ಕೈಯಿಂದಲೇ, ಲಟಕ್ ಅಂತ ಕೂತಿತಾ ಅಂತ ಅಲ್ಲಾಡಿಸಿ ನೋಡುವುದನ್ನು ಮಕ್ಕಳಿಗೆ ಕಲಿಸಿ. ಹಿಂದೆ ದೊಡ್ಡವರು ಕೂರಬಹುದು. ನಾನು 5 ಅಡಿ 9 ಇಂಚು, ತಲೆ ತಾಗುವುದಿಲ್ಲ. ಆದರೆ ಸೀಟು ನೆಲಕ್ಕೆ ಹತ್ತಿರ, ಮಂಡಿ ಮೇಲೆ ಬರುತ್ತದೆ, ತೊಡೆಗೆ ಆಸರೆ ಇಲ್ಲ. ಒಂದು ಗಂಟೆ ಸರಿ. ಬೆಂಗಳೂರಿಂದ ಕೊಪ್ಪದವರೆಗೆ ಬೇಡ. ದೊಡ್ಡ ಮಗುವಿಗೆ ಅದು ಹೇಳಿ ಮಾಡಿಸಿದ ಜಾಗ. ಮೇಲಿಂದ ಎಸಿ ಗಾಳಿ ಬರುತ್ತದೆ, ಚಾರ್ಜಿಂಗ್ ಪಾಯಿಂಟ್ ಇದೆ. ವಾಂತಿ ಮಾಡುವ ಚಿಕ್ಕ ಮಗಳನ್ನು ಮಾತ್ರ ಹಿಂದೆ ಕೂರಿಸಲೇಬೇಡಿ. ಆ ಸಾಲು ಹಿಂಚಕ್ರದ ಹತ್ತಿರ ಇರುವುದರಿಂದ ಆಲ್ದೂರು ದಾಟಿ ಬಾಳೆಹೊನ್ನೂರು ಕಡೆಗಿನ ತಿರುವುಗಳಲ್ಲಿ ತೂಗಾಟವೂ ಕುಲುಕಾಟವೂ ಅಲ್ಲೇ ಜಾಸ್ತಿ. ಮಧ್ಯದ ಸಾಲಿನಲ್ಲಿ, ಮುಂದಿನ ರಸ್ತೆ ಕಾಣುವ ಹಾಗೆ ಕೂರಿಸಿ.

ಎಂಜಿನ್ ಬಗ್ಗೆ. ಡೀಸೆಲ್‌ನ ಶಕ್ತಿ 116 ಪಿಎಸ್, ಎಳೆತ (ಟಾರ್ಕ್) 250 ಎನ್‌ಎಂ. ಇದರ ಆಟೋಮ್ಯಾಟಿಕ್ ಟಾರ್ಕ್ ಕನ್ವರ್ಟರ್, ಹಳೆ ಕಾಲದ ನಂಬಿಕಸ್ಥ ಜಾತಿ. ತುಂಬಿದ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದರೂ ಜರ್ಕ್ ಇಲ್ಲ. ಕಂಪನಿ ಹೇಳುವ ಮೈಲೇಜ್ 17.5. ಹೈವೇಯಲ್ಲಿ ನಿಧಾನಕ್ಕೆ ಹೋದರೆ ಅದರ ಹತ್ತಿರ ಬರುತ್ತದೆ, ಊರೊಳಗೆ ಬರುವುದಿಲ್ಲ. ಆದರೆ ನೀವು ದಿನವೂ ರಾಜಾಜಿನಗರದಲ್ಲಿ ಶಾಲೆ, ತರಕಾರಿ ಅಂತ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವುದಾದರೆ ಡೀಸೆಲ್ ಬೇಡ. ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯುವ ಫಿಲ್ಟರ್ ಇದೆ, ಅದು ಬಿಸಿಯಾಗಿ ಮಸಿ ಸುಟ್ಟುಕೊಳ್ಳಲು ಆಗಾಗ ಒಂದೇ ಸಮನೆ ಓಡಬೇಕು, ಇಲ್ಲವಾದರೆ ಕಟ್ಟಿಕೊಂಡು ಲೈಟ್ ಬರುತ್ತದೆ. ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗುವವರಾದರೆ ತೊಂದರೆ ಇಲ್ಲ.

ಮೈಸೂರಿನಿಂದ ಒಬ್ಬರು:

ಮೇಲೆ ಸರ್ ಹೇಳಿದ್ದೆಲ್ಲ ಸರಿ, ಟರ್ಬೋ ಪೆಟ್ರೋಲ್ ಬಗ್ಗೆ ನಾನು ಸೇರಿಸುತ್ತೇನೆ. ನನ್ನದು ಟರ್ಬೋ, 7 ಗೇರಿನ ಡಿಸಿಟಿ, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್. 160 ಪಿಎಸ್, 253 ಎನ್‌ಎಂ. ಏಳು ಜನ ಕೂತಿದ್ದಾಗಲೂ ಓವರ್‌ಟೇಕ್‌ಗೆ ಯೋಚನೆ ಮಾಡಬೇಕಾಗಿಲ್ಲ, ಅಷ್ಟು ಚೆನ್ನಾಗಿ ಎಳೆಯುತ್ತದೆ. ಮೈಲೇಜ್ ನಿಮ್ಮ ಕಾಲಿನಲ್ಲಿದೆ. ಡಿಸಿಟಿಯೊಳಗೆ ಇರುವುದು ಡ್ರೈ ಕ್ಲಚ್. ಬೆಂಗಳೂರಿನ ಜಾಮಿನಲ್ಲಿ ಇಂಚಿಂಚು ಮುಂದೆ ಬಿಡುತ್ತಾ ಹೋದರೆ ಕ್ಲಚ್ ಉಜ್ಜುತ್ತಾ ಬಿಸಿಯಾಗುತ್ತದೆ. ಮುಂದೆ ಒಂದು ಗಾಡಿಯಷ್ಟು ಜಾಗ ಆಗಲಿ ಅಂತ ಕಾದು ಆಮೇಲೆ ಬಿಡಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಹಿಡಿಯಿರಿ.

1.5 ಸಾದಾ ಪೆಟ್ರೋಲ್ ಬೆಲೆ ನೋಡಿ ಆಸೆ ಆಗಬಹುದು. ಅದಕ್ಕೆ ಮ್ಯಾನುವಲ್ ಗೇರ್ ಮಾತ್ರ, 144 ಎನ್‌ಎಂ. ಆರು ಜನ, ಲಗೇಜು, ಮಲೆನಾಡಿನ ಏರು, ಎಸಿ ಎಲ್ಲ ಸೇರಿದರೆ ಗೇರ್ ಬದಲಿಸಿಯೇ ಸುಸ್ತು.

ಅಡಾಸ್ ಬಗ್ಗೆ ಒಂದು ಮಾತು. ನನ್ನದರಲ್ಲಿ ಇದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಅದರ ನಿಜವಾದ ಉಪಯೋಗ ಗೊತ್ತಾಗುತ್ತದೆ. 2023ರ ಆಗಸ್ಟ್‌ನಿಂದ ಅಲ್ಲಿ ಬೈಕು, ಆಟೋ ಬಿಡುವುದಿಲ್ಲ, ಲೇನ್ ಗೆರೆ ಸ್ಪಷ್ಟವಾಗಿದೆ, ಮಿತಿ 100 ಕಿ.ಮೀ., ಮುಂದಿನ ಗಾಡಿ ನಿಧಾನ ಆದರೆ ಇದೂ ತಾನೇ ನಿಧಾನ ಆಗುತ್ತದೆ. ನಿಮ್ಮ ದಾರಿಯಲ್ಲಿ ಹಾಸನದ ತನಕ ಅಲ್ಲಲ್ಲಿ ಉಪಯೋಗಕ್ಕೆ ಬಂದೀತು. ಚಿಕ್ಕಮಗಳೂರು ದಾಟಿದ ಮೇಲೆ ಗೆರೆಯೇ ಇಲ್ಲದ ರಸ್ತೆ, ಎದುರಿಗೆ ಬಸ್ಸು, ಪಕ್ಕದಲ್ಲಿ ದನ. ಅಲ್ಲಿ ನಾನಂತೂ ಲೇನ್ ಅಸಿಸ್ಟ್ ಆಫ್ ಮಾಡುತ್ತೇನೆ. ಅದಕ್ಕಾಗಿ ಬಜೆಟ್ ಎಳೆಯಬೇಡಿ. 360 ಕ್ಯಾಮೆರಾ ಬೇರೆ ಮಾತು, ರಾಜಾಜಿನಗರದ ಕ್ರಾಸ್‌ಗಳಲ್ಲಿ ಎರಡೂ ಕಡೆ ಗಾಡಿ ನಿಲ್ಲಿಸಿರುತ್ತಾರಲ್ಲ, ಅಲ್ಲಿ 1800 ಮಿ.ಮೀ. ಅಗಲದ ಗಾಡಿ ತಿರುಗಿಸುವಾಗ ಅದು ಬೇಕೇ ಬೇಕು ಅನ್ನಿಸುತ್ತದೆ.

ಬಿಡದಿಯಿಂದ ಒಬ್ಬರು:

ನಮ್ಮದು ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ ಮೋಟರ್ ಇರುವುದು. ಇಲ್ಲೇ ಬಿಡದಿಯಲ್ಲಿ ತಯಾರಾಗುವ ಗಾಡಿ. ನಿಮ್ಮ ಬಜೆಟ್‌ಗೆ ಹೈಬ್ರಿಡ್ ಬರುವುದಿಲ್ಲ, ಗೊತ್ತು. ಆದರೂ ಒಮ್ಮೆ ಹಿಂದಿನ ಸಾಲಿನಲ್ಲಿ ಕೂತು ನೋಡಿ, ಹೋಲಿಸುವುದಕ್ಕೆ ಅಳತೆಗೋಲು ಸಿಗುತ್ತದೆ. 4755 ಮಿ.ಮೀ. ಉದ್ದ, ಎಲ್ಲ ಸೀಟಿದ್ದೂ 300 ಲೀಟರ್ ಡಿಕ್ಕಿ. ಭಾರತ್ ಎನ್‌ಕ್ಯಾಪ್ ಅನ್ನುವ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ 5 ಸ್ಟಾರ್. ಕಂಪನಿ ಮೈಲೇಜ್ 23.24 ಅನ್ನುತ್ತದೆ. ಟ್ರಾಫಿಕ್‌ನಲ್ಲಿ ಬ್ಯಾಟರಿಯಲ್ಲೇ ಸದ್ದಿಲ್ಲದೆ ಸಾಗುತ್ತದೆ, ಹಾಗಾಗಿ ಊರೊಳಗೂ ಮೈಲೇಜ್ ಅಷ್ಟೇನೂ ಬೀಳುವುದಿಲ್ಲ. ನಿಮ್ಮ ಗೇಟು, ಪಾರ್ಕಿಂಗ್ ಅಳೆದುಕೊಂಡೇ ಹೋಗಿ. ಹಳೆ ಬಡಾವಣೆಯ ಸೈಟುಗಳಲ್ಲಿ ಈ ಉದ್ದ ಹಿಡಿಸುವುದು ಕಷ್ಟ.

ತುಮಕೂರಿನಿಂದ ಒಬ್ಬರು:

ಯಾರೂ ಇವಿ, ಅಂದರೆ ಎಲೆಕ್ಟ್ರಿಕ್ ಗಾಡಿ ಹೇಳಲಿಲ್ಲ. 2025ರ ಜುಲೈನಲ್ಲಿ ಕ್ಲಾವಿಸ್ ಇವಿ ಬಂದಿದೆ. ನಾವು ದೊಡ್ಡ ಬ್ಯಾಟರಿಯದ್ದು ಇಟ್ಟುಕೊಂಡಿದ್ದೇವೆ, 51.4 ಕಿಲೋವ್ಯಾಟ್ ಅವರ್. ಕಾಗದದ ಮೇಲೆ 490 ಕಿ.ಮೀ. ಮನೆಮಂದಿ ಎಲ್ಲ ಕೂತು ಎಸಿ ಹಾಕಿ ಹೈವೇಯಲ್ಲಿ ಹೋದರೆ ಅಷ್ಟು ಬರುವುದಿಲ್ಲ. ಊರೊಳಗೆ ಓಡಿಸಲು ಇಷ್ಟು ಹಗುರ ಅನ್ನಿಸುವ ಏಳು ಸೀಟಿನ ಗಾಡಿ ನಾನು ಓಡಿಸಿಲ್ಲ. ಮನೆಯಲ್ಲಿ ಸ್ವಂತ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ಜಾಗ ಇದ್ದರೆ ಮಾತ್ರ ಯೋಚಿಸಿ. ಕೊಪ್ಪದ ಮನೆಯಲ್ಲೂ ರಾತ್ರಿ ಹಾಕಿಡಲು ಒಳ್ಳೆಯ ಅರ್ಥಿಂಗ್ ಇರುವ ಪ್ಲಗ್ ಬೇಕು, ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ದಾರಿಯಲ್ಲಿ 100 ಕಿಲೋವ್ಯಾಟ್ ಫಾಸ್ಟ್ ಚಾರ್ಜರ್ ಸಿಕ್ಕರೆ 10ರಿಂದ 80% ಆಗಲು 39 ನಿಮಿಷ ಅನ್ನುತ್ತದೆ ಕಂಪನಿ, ಅಷ್ಟು ಹೊತ್ತು ತಿಂಡಿಗೆ ಸರಿಹೋಗುತ್ತದೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಗೇಜಿನ ಲೆಕ್ಕ ನಮಗೆ ಹೊಳೆದೇ ಇರಲಿಲ್ಲ, ಯಜಮಾನರು 6 ಸೀಟೇ ಅಂತಿದ್ದರು. ಊರಿಗೆ ತಿಂಗಳಿಗೆ ಒಮ್ಮೆ ಖಂಡಿತ ಹೋಗುತ್ತೇವೆ. ಹಾಗಾದರೆ 7 ಸೀಟು, ಡೀಸೆಲ್ ಆಟೋಮ್ಯಾಟಿಕ್ ಅಂತ ಇಟ್ಟುಕೊಳ್ಳಲಾ? ಮಾವ ಮಾತ್ರ ಎರ್ಟಿಗಾ ಸಿಎನ್‌ಜಿ ತಗೊಂಡು ಉಳಿದ ದುಡ್ಡು ಬ್ಯಾಂಕಿಗೆ ಹಾಕಿ ಅನ್ನುತ್ತಿದ್ದಾರೆ.

ಹಾಸನದವರೇ ಮತ್ತೆ:

ಮಾವನವರ ಮಾತು ತೆಗೆದುಹಾಕುವಂಥದ್ದಲ್ಲ ಮೇಡಂ. ಎರ್ಟಿಗಾ ಒಳ್ಳೆಯ ಗಾಡಿ, ಸಿಎನ್‌ಜಿಗೆ ಕೆಜಿಗೆ 26 ಕಿ.ಮೀ. ಅಂತ ಕಂಪನಿ ಲೆಕ್ಕ, ಖರ್ಚು ಕಡಿಮೆ. ಆದರೆ ಸಿಲಿಂಡರ್ ಕೂರುವುದು ಡಿಕ್ಕಿಯಲ್ಲಿ, ಲಗೇಜಿನ ತಲೆನೋವು ಇನ್ನೂ ಜಾಸ್ತಿ ಆಗುತ್ತದೆ. ಗ್ಯಾಸಿನಲ್ಲಿ ಏರು ಹತ್ತುವಾಗ ಎಳೆತವೂ ಕಡಿಮೆ, ಅದೂ ಮ್ಯಾನುವಲ್ ಮಾತ್ರ. ನೀವು ಓಡಿಸಬೇಕಲ್ವಾ? ಎರ್ಟಿಗಾನೇ ಬೇಕೆಂದರೆ ಪೆಟ್ರೋಲ್ ಆಟೋಮ್ಯಾಟಿಕ್ ನೋಡಿ.

ಕ್ಲಾವಿಸ್ ಆದರೆ ಹೌದು, 7 ಸೀಟು ಡೀಸೆಲ್ ಆಟೋಮ್ಯಾಟಿಕ್. ಎಲ್ಲ ಎಂಜಿನ್ನೂ ಎಲ್ಲ ವೇರಿಯಂಟ್‌ನಲ್ಲಿ ಸಿಗುವುದಿಲ್ಲ, ವೇರಿಯಂಟ್ ಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿ. 6 ಸೀಟು ಮೊದಲು ಟಾಪ್ ಮಾಡೆಲ್‌ಗೆ ಮಾತ್ರ ಇತ್ತು, ಈಗ ಕೆಳಗಿನ ಕೆಲವಕ್ಕೂ ಕೊಟ್ಟಿದ್ದಾರೆ, ಯಜಮಾನರಿಗೆ ಅದನ್ನೂ ಒಮ್ಮೆ ತೋರಿಸಿ. ಟೆಸ್ಟ್ ಡ್ರೈವ್‌ಗೆ ಆರೂ ಜನ ಹೋಗಿ, ಊರಿಗೆ ಒಯ್ಯುವ ದೊಡ್ಡ ಸೂಟ್‌ಕೇಸು ಖಾಲಿಯದ್ದೇ ಆದರೂ ಜೊತೆಗೆ ಒಯ್ಯಿರಿ. ಅವರು ಒಂದು ರೌಂಡ್ ಹೊಡೆಸಿ ಸಾಕು ಅನ್ನುತ್ತಾರೆ, ಒಪ್ಪಬೇಡಿ, ಯಾವುದಾದರೂ ಫ್ಲೈಓವರ್ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿ. ಅತ್ತೆಯವರು ಎರಡು ಮೂರು ಸಲ ಹತ್ತಿ ಇಳಿಯಲಿ. ಮಧ್ಯದ ಸಾಲನ್ನು ಹಿಂದೆ ಮುಂದೆ ಜರುಗಿಸಿ, ಹಿಂದೆ ಕೂತ ಮಗುವಿಗೂ ಅವರಿಗೂ ಇಬ್ಬರಿಗೂ ಸಾಲುವಷ್ಟು ಜಾಗ ಎಲ್ಲಿ ಸಿಗುತ್ತದೆ ಅಂತ ಅಲ್ಲೇ ನೋಡಿಕೊಳ್ಳಿ. ಬುಕ್ ಮಾಡುವ ಮುಂಚೆ ಆನ್‌ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಇನ್ಶೂರೆನ್ಸ್ ಹೊರಗಿನಿಂದ ಮಾಡಿಸುತ್ತೇನೆ ಅಂದರೆ ಎಷ್ಟು ಇಳಿಸುತ್ತಾರೆ ಕೇಳಿ, ಆಕ್ಸೆಸರಿ ಕಿಟ್ ಬೇಡವಾದರೆ ಬೇಡ ಅನ್ನಿ. ಏನು ಬೆಲೆ ಹೇಳಿದರು ಅಂತ ಇಲ್ಲಿ ಹಾಕಿ, ನೋಡಿ ಹೇಳುತ್ತೇವೆ.