ಸಹಾಯ ಬೇಕು: ಚಳಿಗಾಲದಾಗ ಹಳೆ ಕಾರಿನ ಮೈಲೇಜ್ ಬಿದ್ದೈತಿ

ಅಣ್ಣಾರ, ನಾನು ಗಂಗಾವತಿ ಕಡೆಯವ. 2006ರ ಪೆಟ್ರೋಲ್ ಕಾರು, ಅಪ್ಪ ತಗೊಂಡಿದ್ದು, ಮಾರಾಕ ಮನಸಿಲ್ಲ. ದೀಪಾವಳಿ ಮಟ ಲೀಟರಿಗೆ 15 ಕಿ.ಮೀ. ಕೊಡ್ತಿತ್ತು, ಚಳಿ ಬಿದ್ದ ಮ್ಯಾಲ 12. ಎರಡು ಸಲ ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕೀನಿ. ಏರ್ ಫಿಲ್ಟರ್, ಪ್ಲಗ್ ಹೊಸಾವು, ಟೈರಿನ ಗಾಳಿ ಸರಿ ಐತಿ.

ಮುಂಜಾನೆ ಗದ್ದಿಗೆ ಹೋಗಿ ಬರೋದು ಬರೀ 4 ಕಿ.ಮೀ., ಎಂಜಿನ್ ಬಿಸಿ ಆಗೋದ್ರೊಳಗ ಮನಿ ಬಂದಿರ್ತೈತಿ. ಅದಕ್ಕ ಸ್ವಲ್ಪ ಜಾಸ್ತಿ ಕುಡೀತೈತಿ, ಒಪ್ಪಿದೆ. ಆದ್ರ ಕೊಪ್ಪಳ ಮಟ ಓಡಿಸಿದ್ರೂ ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟವಲ್ದು. ಬ್ಯಾಸಗಿಯೊಳಗ ಮೇಸ್ತ್ರಿ, ನಮ್ಮ ಬಿಸಿಲಿಗೆ ಬ್ಯಾಡ ಅಂತ ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗೋ ಮಟ ರೇಡಿಯೇಟರಿಗೆ ನೀರು ಹೋಗದಂಗ ತಡಿಯೋ ವಾಲ್ವ್) ತೆಗೆದಿದ್ದ. ಎಂಜಿನ್ ತಣ್ಣಗಿದ್ರ ಪೆಟ್ರೋಲ್ ಜಾಸ್ತಿ ಬಿಡ್ತೈತಂತ.

ಮೈಲೇಜ್ ಬೀಳಾಕ ಇದೇ ಕಾರಣನಾ, ಇಲ್ಲಾ ಟೆಂಪರೇಚರ್ ಸೆನ್ಸರ್ ಹೋಗೈತೋ? ಥರ್ಮೋಸ್ಟಾಟ್ ತಿರುಗಿ ಹಾಕಿಸಿದ್ರ ಏಪ್ರಿಲ್ ಬಿಸಿಲಾಗ ಹೀಟ್ ಆಗ್ತೈತೇನು? ಹಾಕಿಸಿ ನೋಡಿದವರು ಹೇಳ್ರಿ.