ಕಾರಾಗುವ ರೋಬೋ: ಬೆನ್ನ ಮೇಲಿನ ಹೊರೆಗೆ ಅಂಕ ಕಳೆಯಬೇಕೆ?

ಮೂರನೇ ಗೇರ್:
ರೋಬೋವನ್ನು ಮಡಚಿ ಕಾರು ಮಾಡುವ ಟ್ರಾನ್ಸ್‌ಫಾರ್ಮರ್ಸ್ ಗೊಂಬೆಗಳ ಮಾಸ್ಟರ್‌ಪೀಸ್ ಸಾಲಿನಲ್ಲಿ ಬಂಬಲ್‌ಬೀ ಎಂಬ ಪಾತ್ರ ಬೀಟಲ್ ಕಾರಾಗಿ ಬಂದಿದೆ: 2014ರಲ್ಲಿ ಎಂಪಿ-21, 2019ರಲ್ಲಿ ಎಂಪಿ-45. ಎರಡನೆಯದರ ರೋಬೋ ಕಾರ್ಟೂನಿನಿಂದ ಎದ್ದು ಬಂದ ಹಾಗಿದೆ, ಆದರೆ ಕಾರಿನ ಕವಚವನ್ನು ಬೆನ್ನಿಗೆ ಹೊತ್ತುಕೊಂಡೇ ನಿಲ್ಲುತ್ತದೆ. ಅದಕ್ಕೇ ಎಷ್ಟೋ ವಿಮರ್ಶಕರು ‘ಶೆಲ್‌ಫಾರ್ಮರ್’ (ಕಾರಿನ ಚಿಪ್ಪನ್ನು ಹೊತ್ತು ನಿಲ್ಲುವ ರೋಬೋ) ಎಂದು ಮೂಗು ಮುರಿದರು. ನನ್ನ ಪ್ರಕಾರ ಇದು ಅನ್ಯಾಯ. ಬೀಟಲ್ ಮೈಯೆಲ್ಲ ಗುಂಡಗೆ, ಚಪ್ಪಟೆ ಜಾಗವೇ ಇಲ್ಲ. ಬಾಗಿದ ಫಲಕವನ್ನು ಮಡಚಿ ಇನ್ನೊಂದರ ಅಡಿಗೆ ತೂರಿಸಲು ಆಗುವುದಿಲ್ಲ. ಅದು ಮುಂಗೈ, ಮೀನಖಂಡಗಳ ಮೇಲೆ ಉಬ್ಬಿ ಕೂರಬೇಕು, ಇಲ್ಲವೇ ಬೆನ್ನಿಗೆ ಹೋಗಬೇಕು. ಬೇರೆ ದಾರಿ ಎಲ್ಲಿದೆ?

ಬಾನೆಟ್ ಭಟ್ಟ:
ಇದೆ ಸಾರ್. ಕಾರಿನ ಭಾಗವನ್ನೇ ರೋಬೋದ ಮೈಯಾಗಿಸುವುದು. 1984ರ ಪ್ರೌಲ್ ನೋಡಿ, ಟ್ರಾನ್ಸ್‌ಫಾರ್ಮರ್ಸ್‌ಗೂ ಮೊದಲಿನ ಜಪಾನಿ ಗೊಂಬೆ ಸಾಲು ಡಯಾಕ್ಲೋನ್‌ನಿಂದ ಬಂದ ಅಚ್ಚು. ಬಾನೆಟ್ಟೇ ಎದೆ, ಬಾಗಿಲುಗಳೇ ರೆಕ್ಕೆ. ಅದನ್ನು ಹೊರೆ ಅಂತ ಯಾರೂ ಕರೆದಿಲ್ಲ, ಯಾಕೆಂದರೆ ಅದೇ ಅವನ ಚಹರೆ. ಹೊರೆ ಅನಿಸುವುದು ಯಾವಾಗ? ನಿಜವಾದ ಬಾನೆಟ್ ಹಿಂದೆ ಅಡಗಿದ್ದು, ಎದೆಯ ಮೇಲೆ ಇನ್ನೊಂದು ನಕಲಿ ಬಾನೆಟ್ ಕೂತಾಗ. ಒಂದೇ ಕೆಲಸಕ್ಕೆ ಎರಡು ತುಂಡು ಪ್ಲಾಸ್ಟಿಕ್! ನಾನು ಅಂಕ ಕಳೆಯುವುದು ಅಲ್ಲಿ.

ಸಣ್ಣ ಸ್ಕ್ರೂ:
ಇಬ್ಬರೂ ನೋಟದ ಮಾತಾಡುತ್ತಿದ್ದೀರಿ. ಹೊರೆಯನ್ನು ಅಳೆಯುವುದು ತೂಕದಿಂದ. ರೋಬೋವನ್ನು ಗಾಜಿನ ಮೇಲೆ ನಿಲ್ಲಿಸಿ, ಮಂಡಿ ನೇರ, ಕೈ ಪಕ್ಕಕ್ಕೆ. ಹಿಮ್ಮಡಿಯ ಆಸರೆ ಮಡಚಿಯೂ ನಿಂತರೆ ಹೊರೆ ಎಷ್ಟಿದ್ದರೂ ತಕರಾರಿಲ್ಲ. ಹಿಂದಕ್ಕೆ ವಾಲಿದರೆ ಯಾವ ಕೀಲು ಮೊದಲು ಸೋಲುತ್ತದೆ ನೋಡಿ. ಸಾಮಾನ್ಯವಾಗಿ ಕಣಕಾಲು. ಅಲ್ಲಿ ಹೆಚ್ಚಾಗಿ ರಾಚೆಟ್ (ಹಲ್ಲು ಹಲ್ಲಿಗೆ ‘ಟಕ್’ ಎಂದು ನಿಲ್ಲುವ ಕೀಲು) ಇರುವುದಿಲ್ಲ, ಬರೀ ಘರ್ಷಣೆಯ ಹಿಡಿತ.

ಸೊಂಟದ ರಾಚೆಟ್ ಎಷ್ಟು ಹಲ್ಲಿನದು ಅನ್ನುವುದನ್ನೂ ಬರೆಯಿರಿ, ಯಾರೂ ಬರೆಯುವುದಿಲ್ಲ. 24 ಹಲ್ಲಿದ್ದರೆ ಒಂದು ‘ಟಕ್’ಗೆ 15 ಡಿಗ್ರಿ. ಸೊಂಟದಿಂದ ಪಾದಕ್ಕೆ 10 ಸೆಂ.ಮೀ. ಇದ್ದರೆ ಪಾದ ಒಂದೇ ಸಲಕ್ಕೆ 2.6 ಸೆಂ.ಮೀ. ಜಿಗಿಯುತ್ತದೆ. ಆ ಎರಡು ಟಕ್‌ಗಳ ನಡುವಿನ ಭಂಗಿ ಬೇಕೆಂದರೆ ಸಿಗುವುದೇ ಇಲ್ಲ. ಬೆನ್ನು ಭಾರ, ಸೊಂಟ ಒರಟು, ಕಣಕಾಲು ಸಡಿಲ. ಈ ಮೂರೂ ಸೇರಿದ ಗೊಂಬೆ ಶೆಲ್ಫಿನಿಂದ ಬೀಳುವುದು ಖಂಡಿತ.

ಮೂರನೇ ಗೇರ್:
@ಸಣ್ಣ ಸ್ಕ್ರೂ, ಒಪ್ಪಿದೆ. ಆದರೆ ಭಟ್ಟರ ದಾರಿಗೂ ಬೆಲೆ ತೆರಬೇಕಲ್ಲ? ಕಾರಿನ ಭಾಗ ಮೈಯಾಗಬೇಕಾದರೆ ಬಾಡಿಯನ್ನು ಹೆಚ್ಚು ಚೂರು ಮಾಡಬೇಕು. ಚೂರಿಗೊಂದು ಹಿಂಜ್, ಹಿಂಜಿಗೊಂದು ಪಿನ್. ಒಂದೊಂದರಲ್ಲಿ 0.1 ಮಿ.ಮೀ. ಸಡಿಲವಿದ್ದರೂ ಐದು ಹಿಂಜ್ ದಾಟುವಷ್ಟರಲ್ಲಿ ಅರ್ಧ ಮಿ.ಮೀ. ಬಿರುಕು. ಕಾರಿನ ಪಕ್ಕದ ಗೆರೆಯಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ.

ಟ್ಯಾಬ್ ಟಕ್:
ಆ ಬಿರುಕಿಗೆ ಅಚ್ಚನ್ನು ಬೈಯುವ ಮೊದಲು ಟ್ಯಾಬ್ (ತುಂಡುಗಳನ್ನು ಒಂದಕ್ಕೊಂದು ಹಿಡಿದಿಡುವ ಸಣ್ಣ ನಾಲಿಗೆ) ಕೂರಿಸುವ ಕ್ರಮ ಸರಿ ಮಾಡಿ. ಹೊರಗಿನ ಬಾಗಿಲು, ಬಂಪರ್ ಮೊದಲು ಒತ್ತಿದರೆ ಒಳಗೆ ಮಡಚಿದ ರೋಬೋದ ಕಾಲುಗಳು ಅರ್ಧಕ್ಕೇ ನಿಂತು ಇಡೀ ಬಾಡಿ ತೆರೆದುಕೊಳ್ಳುತ್ತದೆ. ಮೊದಲು ಎರಡು ಕಾಲುಗಳನ್ನು ಪರಸ್ಪರ ಲಾಕ್ ಮಾಡಿ. ಆಮೇಲೆ ಕೈಗಳು ತಳದ ಜಾಗಕ್ಕೆ. ನಂತರ ಟಾಪು, ಕಡೆಗೆ ಬಾಗಿಲು. ಒಳಗಿನಿಂದ ಹೊರಕ್ಕೆ, ಮಧ್ಯದಿಂದ ತುದಿಗೆ.

ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಕಾಗದ ಸಾಕು. ಕಾರನ್ನು ಗಾಜಿನ ಮೇಲಿಟ್ಟು ಒಂದೊಂದು ಚಕ್ರದ ಅಡಿಗೂ ಹಾಳೆಯ ಅಂಚು ತೂರಿಸಿ. ತಡೆಯಿಲ್ಲದೆ ಒಳಗೆ ಹೋದರೆ ಆ ಚಕ್ರ ನೆಲ ಮುಟ್ಟಿಲ್ಲ, ಆ ಮೂಲೆಯ ಟ್ಯಾಬ್ ಕೂತಿಲ್ಲದಿರಬಹುದು. ಎಲ್ಲ ಕೂತ ಮೇಲೂ ಒಂದು ಚಕ್ರ ಮೇಲಿದ್ದರೆ ಆಗ ಅಚ್ಚಿನ ದೋಷ ಅಥವಾ ಜೋಡಣೆಯ ದೋಷ. ತೊಡೆಯ ಒಳಭಾಗದಲ್ಲಿ ಸಣ್ಣದಾಗಿ ಎಲ್, ಆರ್ ಅಕ್ಷರ ಕೊರೆದಿದ್ದರೆ ನೋಡಿ. ಎಡ-ಬಲ ಅದಲು ಬದಲಾಗಿ ಬರುವುದು ಅಪರೂಪವಲ್ಲ.

ಹಳೇ ಪಿನ್ನು:
ವಿಮರ್ಶೆಗಳಲ್ಲಿ ರೋಬೋ ಫೋಟೋ ಹತ್ತು, ಕಾರಿನ ಫೋಟೋ ಹತ್ತು. ಎರಡರ ನಡುವೆ ಏನಾಗುತ್ತದೆ ಅನ್ನುವುದಕ್ಕೆ ಒಂದೂ ಇಲ್ಲ. ಮುರಿಯುವುದು ಅಲ್ಲೇ ಗುರು!

ಟಾಪಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಹಳಷ್ಟು ಕಾರುಗಳಲ್ಲಿ ಟಾಪು, ಕಿಟಕಿ, ಕಂಬ ಎಲ್ಲ ಒಂದೇ ಪಾರದರ್ಶಕ ಪ್ಲಾಸ್ಟಿಕ್ ತುಂಡು; ಕಿಟಕಿ ಬಿಟ್ಟು ಉಳಿದದ್ದಕ್ಕೆ ಬಣ್ಣ ಹೊಡೆದಿರುತ್ತಾರೆ. ಪಾರದರ್ಶಕ ಪ್ಲಾಸ್ಟಿಕ್ ಗಟ್ಟಿ ನಿಜ, ಆದರೆ ಬಾಗುವುದಿಲ್ಲ. ಅದರಲ್ಲೇ ಲೋಹದ ಪಿನ್ ತೂರಿಸಿದ್ದರೆ ತೂತಿನ ಸುತ್ತ ಕೂದಲೆಳೆಯಷ್ಟು ಬೆಳ್ಳಗಿನ ಗೆರೆ ಏಳುತ್ತದೆ. ಅದು ಗೀರಲ್ಲ, ಸೀಳಿನ ಶುರು. ಗೆರೆ ಕಂಡ ಮೇಲೆ ಆ ಹಿಂಜನ್ನು ತುದಿ ಹಿಡಿದು ತಿರುಗಿಸಬೇಡಿ, ಪಿನ್ನಿನ ಬುಡದಲ್ಲಿ ಹಿಡಿದು ತಿರುಗಿಸಿ.

ಇದರ ಜೊತೆಗೇ ಬರುವ ಇನ್ನೊಂದು ತೊಂದರೆ ಬಣ್ಣದ್ದು. ಟಾಪಿನ ಹಳದಿ ಪೇಂಟು, ಬಾಗಿಲಿನ ಹಳದಿ ಪ್ಲಾಸ್ಟಿಕ್ಕಿನದೇ. ಹಗಲು ಬೆಳಕಿನಲ್ಲಿ ಎರಡೂ ಬೇರೆ ಬೇರೆ. ಫೋಟೋದಲ್ಲಿ ಬಿಳಿ ದೀಪ ಹಾಕಿ ಮುಚ್ಚಿಹಾಕುತ್ತಾರೆ.

ಬಾನೆಟ್ ಭಟ್ಟ:
ಹಿಂಜ್ ಬಿಗಿಯಿದ್ದರೆ ಒಂದು ಹನಿ ಮೆಷಿನ್ ಆಯಿಲ್ ಬಿಟ್ಟರಾಯಿತಲ್ಲ?

ಹಳೇ ಪಿನ್ನು:
ಬೇಡವೇ ಬೇಡ ಭಟ್ರೇ. ಪೆಟ್ರೋಲಿಯಂ ಎಣ್ಣೆ ಒತ್ತಡದಲ್ಲಿರುವ ಎಬಿಎಸ್, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ಗಳನ್ನು ಸೀಳಿಸುತ್ತದೆ. ಪಿನ್ನಿನ ಸುತ್ತ ಒತ್ತಡ ಮೊದಲೇ ಇರುತ್ತದೆ, ಎಣ್ಣೆ ಸೋಕಿದರೆ ಮುಗಿಯಿತು. ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಕಡ್ಡಿಯ ತುದಿಯಷ್ಟು. ಸ್ಕ್ರೂ ಇರುವ ಕೀಲಾದರೆ ಗ್ರೀಸಿಗಿಂತ ಮೊದಲು ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ ನೋಡಿ.

ಮೂರನೇ ಗೇರ್:
ಸಡಿಲವಾದ ಬಾಲ್ ಜಾಯಿಂಟಿಗೆ (ಬಟ್ಟಲಿನೊಳಗೆ ಗುಂಡು ತಿರುಗುವ ಕೀಲು) ಸೂಪರ್ ಗ್ಲೂ ಹಚ್ಚಬಹುದೆ? ಅನೇಕರು ಶಿಫಾರಸು ಮಾಡುತ್ತಾರೆ.

ಸಣ್ಣ ಸ್ಕ್ರೂ:
ಹಚ್ಚಬಹುದು, ಬಾಲನ್ನು ಹೊರಗೆ ತೆಗೆದು. ತೆಳ್ಳಗೆ ಸವರಿ, ಪೂರ್ತಿ ಒಣಗಿದ ಮೇಲೇ ಬಟ್ಟಲಿಗೆ ಹಾಕಿ. ಒದ್ದೆಯಿರುವಾಗಲೇ ಒತ್ತಿದರೆ ಅದು ಕೀಲಲ್ಲ, ಬೆಸುಗೆ. ಕಿಟಕಿಯ ಹತ್ತಿರ ಅದನ್ನು ತರಲೇಬಾರದು. ಅದರ ಆವಿ ಕೂತರೆ ಪಾರದರ್ಶಕ ಪ್ಲಾಸ್ಟಿಕ್ ಮಂಜಾಗುತ್ತದೆ.

ಟ್ಯಾಬ್ ಟಕ್:
ಅಕ್ರಿಲಿಕ್ ಫ್ಲೋರ್ ಪಾಲಿಶ್ ಇದಕ್ಕಿಂತ ಮೇಲು. ನಿಧಾನ ನಿಜ: ಒಂದು ಪದರ ಹಚ್ಚಿ, ಒಣಗಿಸಿ, ಪರೀಕ್ಷಿಸಿ, ಬೇಕಾದರೆ ಮತ್ತೊಂದು. ಹೆಚ್ಚಾದರೆ ಕೆರೆದು ತೆಗೆಯಲು ಬರುತ್ತದೆ. ಗ್ಲೂ ಹೆಚ್ಚಾದರೆ ಬಾಲಿನ ಕುತ್ತಿಗೆಯೇ ಮುರಿಯುತ್ತದೆ.

ಸಣ್ಣ ಸ್ಕ್ರೂ:
ಪಾಲಿಶ್ ಪದರ ಸವೆಯುವುದೂ ಅಷ್ಟೇ ಬೇಗ. ಶೆಲ್ಫಿನಲ್ಲಿ ನಿಲ್ಲಿಸಿ ಇಡುವುದಾದರೆ ಪಾಲಿಶ್, ಪದೇ ಪದೇ ಕಾರು ಮಾಡುವುದಾದರೆ ಗ್ಲೂ.

ಬಾನೆಟ್ ಭಟ್ಟ:
ಸರಿ, ಎಣ್ಣೆಯ ಮಾತು ವಾಪಸ್. ಹೊರೆಯ ಮಾತು ಮಾತ್ರ ವಾಪಸ್ ಇಲ್ಲ. ಗಾಜಿನ ಮೇಲೆ ನೆಟ್ಟಗೆ ನಿಂತರೂ, ಪಕ್ಕದಿಂದ ನೋಡಿದಾಗ ಎದೆಯ ದಪ್ಪಕ್ಕಿಂತ ಬೆನ್ನಿನ ದಪ್ಪ ಹೆಚ್ಚಿದ್ದರೆ ಅಂಕ ಕಳೆಯುತ್ತೇನೆ.

ಮೂರನೇ ಗೇರ್:
ಕಳೆಯಿರಿ. ಆದರೆ ಪಕ್ಕದ ನೋಟದ ಫೋಟೋವನ್ನೂ ಹಾಕಿ, ಹಿಂಜ್ ಅರ್ಧ ತೆರೆದ ಸ್ಥಿತಿಯದ್ದೂ ಒಂದಿರಲಿ.